ಮೊದಲ ಅಣೆಕಟ್ಟೆಯ ಹೂಳಿಗೆ ಎರಡನೇ ಅಣೆಕಟ್ಟೆಯೇ ಮದ್ದೇ? — ತುಂಗಭದ್ರೆ ಮತ್ತು ನವಲಿಯ ಕುರಿತು ಚರ್ಚೆ

ಕಾರಟಗಿ ಕಾಲುವೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮದು ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಒಂಬತ್ತು ಎಕರೆ ಭತ್ತದ ಗದ್ದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನು ಕಡಿದುಕೊಂಡು ಕೊಚ್ಚಿ ಹೋದಾಗ ಜಲಾಶಯ ತುಂಬಿ ತುಳುಕುತ್ತಿತ್ತು. ಮರುದಿನದಿಂದ ನಮ್ಮೂರಿನಲ್ಲಿ ಯಾರೂ ನಾಟಿಯ ಮಾತು ಆಡಲಿಲ್ಲ, ಹೊಸಪೇಟೆಯ ಸುದ್ದಿಯನ್ನಷ್ಟೇ ಕೇಳುತ್ತ ಕುಳಿತರು. ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಅಡ್ಡ ಇಳಿಸುವ ಕಬ್ಬಿಣದ ಹಲಗೆ) ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು, ಆಮೇಲೆ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು, ಆ ವರ್ಷ ಬದುಕಿಕೊಂಡೆವು. ಆದರೆ 2025ರಲ್ಲಿ ಉಳಿದ ಗೇಟುಗಳಿಗೂ ವಯಸ್ಸಾಗಿದೆ ಎಂದು ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನಿಸಿದರು.

ಗೇಟು ಹೊಸದಾಗಲಿ, ಅದರ ಬಗ್ಗೆ ತಕರಾರಿಲ್ಲ. ನನ್ನ ಪ್ರಶ್ನೆ ಗೇಟಿನ ಹಿಂದಿನ ಕೆರೆಯದು. 1953ರಲ್ಲಿ ನೀರು ನಿಂತಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಇಂದು ಹಿಡಿಯುವುದು 105.788 ಟಿಎಂಸಿ. ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಕಳೆದುಕೊಂಡಷ್ಟನ್ನು ಹಿಡಿದಿಡಲು ನಮ್ಮ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಬೇಕೆಂಬುದು ಹಲವು ವರ್ಷಗಳ ಬೇಡಿಕೆ, ಮತ್ತು ಪ್ರತಿ ಚುನಾವಣೆಯಲ್ಲಿ ಅದು ಒಮ್ಮೆ ತುಂಬಿ ಒಮ್ಮೆ ಖಾಲಿಯಾಗುತ್ತದೆ. ನಾನು ಇಷ್ಟು ದಿನ ನವಲಿಯ ಪರವಾಗಿಯೇ ಮಾತನಾಡಿದವನು. ಈಗ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿದೆ: ಒಂದು ಅಣೆಕಟ್ಟೆ ಎಪ್ಪತ್ತು ವರ್ಷಗಳಲ್ಲಿ ಐದನೇ ಒಂದು ಪಾಲು ತುಂಬಿಕೊಂಡಿತೆಂದು ಇನ್ನೊಂದು ಕಟ್ಟಿದರೆ, ಅದರ ಹೂಳಿಗೆ ಮೂರನೆಯದನ್ನು ಎಲ್ಲಿ ಕಟ್ಟುತ್ತೇವೆ? ತಿಳಿದವರು ಬರೆಯಬೇಕು.

---

ಸುರ್ಕಿ ಗಾರೆ (ನಿವೃತ್ತ ಇಂಜಿನಿಯರ್, ದಾವಣಗೆರೆ)

ಯಜಮಾನರೇ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ಆದರೆ ಅಣೆಕಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವ ಮುನ್ನ ಅದು ಏಕೆ ಬಂತೆಂಬುದನ್ನು ನೆನಪಿಸಿಕೊಳ್ಳಬೇಕು. 1876ರಿಂದ 78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಗೆಜೆಟಿಯರುಗಳಲ್ಲಿದೆ. ನಡುವೆ ಇಷ್ಟು ದೊಡ್ಡ ನದಿ ಹರಿಯುತ್ತಿರುವಾಗ ಎರಡೂ ದಡಗಳ ಜನ ಹಸಿವಿನಿಂದ ಸಾಯುವುದನ್ನು ಕಂಡವರಿಗೆ ಅಣೆಕಟ್ಟೆ ವಾದದ ವಿಷಯವಾಗಿರಲಿಲ್ಲ. ನದಿಯ ಒಂದು ದಡ ನಿಜಾಮರದು, ಇನ್ನೊಂದು ಮದ್ರಾಸಿನದು. ಇಬ್ಬರೂ ಒಪ್ಪಿ 1945ರ ಫೆಬ್ರುವರಿ 28ರಂದು ತಮ್ಮ ತಮ್ಮ ದಡದಲ್ಲಿ ಅಡಿಗಲ್ಲು ಹಾಕುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಸಿಮೆಂಟ್ ನೆಚ್ಚಿಕೊಳ್ಳದೆ, ಸುಟ್ಟ ಮಣ್ಣಿನ ಪುಡಿ ಮತ್ತು ಸುಣ್ಣ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಗೋಡೆ ಅದು. ಗೋಡೆಗೆ ಏನೂ ಆಗಿಲ್ಲ, ಸೋತದ್ದು ಕಬ್ಬಿಣ ಎಂಬುದನ್ನು ಗಮನಿಸಿ.

ಗೇಟಿನ ಮಹತ್ವ ಅನೇಕರಿಗೆ ತಿಳಿದಿಲ್ಲ. ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಗೇಟಿನ ಬುಡ 1,613 ಅಡಿ. ಕೆಳಗೆ ಅಗಲ ಕಡಿಮೆ, ಮೇಲೆ ಬಯಲು ಹರಡಿಕೊಂಡಿರುವುದರಿಂದ ಈ ಮೇಲಿನ 20 ಅಡಿಯಲ್ಲಿಯೇ ಅರ್ಧಕ್ಕಿಂತ ಹೆಚ್ಚು ನೀರು ನಿಲ್ಲುತ್ತದೆ. ಅಂದರೆ ನಿಮ್ಮ ಎರಡನೇ ಬೆಳೆ ನಿಂತಿರುವುದು ಕಲ್ಲಿನ ಗೋಡೆಯ ಮೇಲಲ್ಲ, 33 ಕಬ್ಬಿಣದ ಹಲಗೆಗಳ ಮೇಲೆ. ಗೇಟು ಹಾಳಾದರೆ ಅದರ ಮುಂದೆ ತಾತ್ಕಾಲಿಕವಾಗಿ ಇಳಿಸುವ ಸ್ಟಾಪ್‌ಲಾಗ್ ವ್ಯವಸ್ಥೆಯೇ ಈ ಅಣೆಕಟ್ಟೆಗೆ ಇರಲಿಲ್ಲ. ಹೊಸ ಯೋಜನೆಗೆ ಹಣ ಸಿಕ್ಕಷ್ಟು ಸುಲಭವಾಗಿ ಹಳೆಯ ಚೈನಿಗೆ ಗ್ರೀಸ್ ಹಚ್ಚಲು ಹಣ ಸಿಗುವುದಿಲ್ಲ. ಇದು ಮೂವತ್ತೆರಡು ವರ್ಷ ಸೇವೆ ಮಾಡಿದವನ ಅನುಭವದ ಮಾತು.

ಇನ್ನು ಹೂಳು. "ತೆಗೆದುಬಿಡಿ" ಎನ್ನುವವರಿಗಾಗಿ ಒಂದು ಕಾಗದದ ಲೆಕ್ಕ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. 27 ಟಿಎಂಸಿ ಎಂದರೆ 2,700 ಕೋಟಿ. ಒಂದು ಟಿಪ್ಪರಿಗೆ 400 ಘನ ಅಡಿ ಮಣ್ಣು ಹಿಡಿಯುತ್ತದೆ ಎಂದುಕೊಂಡರೂ ಆರು ಮುಕ್ಕಾಲು ಕೋಟಿ ಲೋಡು ಆಗುತ್ತದೆ. ನೀರು ಇಳಿದಿರುವ ಬೇಸಿಗೆಯ 90 ದಿನ, ದಿನಕ್ಕೆ 10,000 ಲೋಡಿನಂತೆ ಎತ್ತಿದರೆ ಒಂದು ವರ್ಷಕ್ಕೆ ತೆಗೆದದ್ದು 0.36 ಟಿಎಂಸಿ. ಅದೇ ವರ್ಷ ಹೊಸದಾಗಿ ಬರುವ ಹೂಳು, ಇದುವರೆಗಿನ ಸರಾಸರಿಯಂತೆ, ಸುಮಾರು 0.43 ಟಿಎಂಸಿ. ಟಿಪ್ಪರುಗಳ ಸಾಲು ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯವರೆಗೆ ನಿಂತರೂ ನಾವು ಹಿಂದೆಯೇ ಬೀಳುತ್ತೇವೆ. ಎತ್ತಿದ ಮಣ್ಣನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆ ಬೇರೆ.

ಆದ್ದರಿಂದ ನವಲಿ ಬೇಕು ಎಂಬುದು ನನ್ನ ಅಭಿಪ್ರಾಯ. ಜುಲೈ, ಆಗಸ್ಟ್‌ನಲ್ಲಿ ಗೇಟು ಎತ್ತಿ ಬಿಡುವ ಪ್ರವಾಹದ ನೀರನ್ನು ಹಿಡಿಯಲು ಬೇರೆ ಸ್ಥಳವಿಲ್ಲ.

---

ಕನಕಗಿರಿ ಕಡೆಯವ

ಬೇರೆ ಸ್ಥಳವಿಲ್ಲ ಎಂದಿರಿ. ನಮ್ಮ ಹೊಲಗಳು "ಸ್ಥಳ" ಆಗಿಬಿಟ್ಟವು. ನವಲಿಯ ಸುತ್ತಿನ ಜನರಿಗೆ ಯೋಜನೆ ಬರುತ್ತದೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ. ಮನೆ ಕಟ್ಟಬೇಕೋ ಬೇಡವೋ, ಬೋರು ಕೊರೆಸಬೇಕೋ ಬೇಡವೋ ತಿಳಿಯದೆ ವರ್ಷಗಳು ಹೋದವು. ಮುಳುಗುವ ಮುನ್ನವೇ ಒಂದು ಊರು ಹೀಗೆ ಅರ್ಧ ಮುಳುಗಿರುತ್ತದೆ ಎಂಬುದನ್ನು ಇಂಜಿನಿಯರ್ ಸಾಹೇಬರು ತಮ್ಮ ಲೆಕ್ಕದಲ್ಲಿ ಸೇರಿಸಲಿ.

---

ಹಿನ್ನೀರ ಮೊಮ್ಮಗಳು (ಮರಿಯಮ್ಮನಹಳ್ಳಿ)

ಮೇಲಿನ ಅಣ್ಣಾವರ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಮ್ಮ ಅಜ್ಜಿಯ ತವರು ನಾರಾಯಣದೇವರಕೆರೆ. ಜಲಾಶಯಕ್ಕಾಗಿ ಮುಳುಗಿದ ತೊಂಬತ್ತರಷ್ಟು ಹಳ್ಳಿಗಳಲ್ಲಿ ಅದೂ ಒಂದು. ಮನೆ ಬಿಟ್ಟವರು 54,000ಕ್ಕೂ ಹೆಚ್ಚು ಜನ. ನಾರಾಯಣದೇವರಕೆರೆಯವರು ಬಂದು ನೆಲೆಸಿದ ಊರು ಈಗಿನ ಮರಿಯಮ್ಮನಹಳ್ಳಿ. ಅಜ್ಜಿಯ ಅಪ್ಪ ಗೋಡೆಗಳನ್ನು ಬಿಟ್ಟು, ತೊಲೆ, ಜಂತೆ ಮತ್ತು ತಲಬಾಗಿಲಿನ ಚೌಕಟ್ಟನ್ನು ಕಳಚಿ ಬಂಡಿಯಲ್ಲಿ ಹೇರಿಕೊಂಡು ಬಂದರಂತೆ. ಆ ಚೌಕಟ್ಟು ಇಂದಿಗೂ ನಮ್ಮ ಮನೆಗಿದೆ. ಹೊಸ ಗೋಡೆಗೆ ಅದು ನಾಲ್ಕು ಬೆರಳು ಗಿಡ್ಡವಾದ್ದರಿಂದ ಮೇಲೆ ಒಂದು ಹಲಗೆ ಕೊಟ್ಟು ಕೂರಿಸಿದ್ದಾರೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಹಳೆಯ ಬುನಾದಿಯ ಕಲ್ಲುಗಳು ಮೇಲೆದ್ದಾಗ ಅಜ್ಜಿ ದಡದಲ್ಲಿ ನಿಂತು ಯಾರ ಮನೆ ಎಲ್ಲಿತ್ತೆಂದು ಕೈ ತೋರಿಸಿ ಹೇಳುತ್ತಿದ್ದರು.

ನಾನು ಅಣೆಕಟ್ಟೆಯನ್ನು ಬಯ್ಯುವುದಿಲ್ಲ. ಅಣೆಕಟ್ಟೆಯಿಂದ ಬಳ್ಳಾರಿ, ಕೊಪ್ಪಳ, ರಾಯಚೂರು, ಅನಂತಪುರ, ಕರ್ನೂಲುಗಳಲ್ಲಿ ಎಷ್ಟು ಜನ ಉಂಡರೆಂಬುದು ನನಗೆ ಗೊತ್ತು. ಆದರೆ ನಮ್ಮ ಊರಿಗೆ ಜಲಾಶಯ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಕಾಲುವೆ ಹರಿಯುವುದು ಆಚೆಗೆ, ಕೆಳಕ್ಕೆ. ನೀರು ಏರು ಹತ್ತುವುದಿಲ್ಲವೆಂಬ ಒಂದೇ ಕಾರಣಕ್ಕೆ, ನೆಲ ಕೊಟ್ಟವರು ಮೇಲೆ ಉಳಿದರು, ನೀರು ಪಡೆದವರು ಕೆಳಗೆ. ಹಿನ್ನೀರು ಇಳಿದಾಗ ಬಯಲಾಗುವ ಮೆಕ್ಕಲು ಮಣ್ಣಿನಲ್ಲಿ ಕೆಲವರು ಬಿತ್ತುತ್ತಾರೆ. ಮಳೆ ಬೇಗ ಬಂದರೆ ಕೊಯ್ಲಿಗೆ ಮುಂಚೆ ನೀರು ಏರಿ ಎಲ್ಲವೂ ಹೋಗುತ್ತದೆ. ನೀವು ಹೂಳು ಎನ್ನುವುದು ಅವರ ಪಾಲಿಗೆ ಹೊಲ.

---

ಕೊನೇ ತೂಬು (ಸಿರವಾರ ತಾಲ್ಲೂಕು)

ಕಾರಟಗಿಯ ಯಜಮಾನರು ಎರಡನೇ ಬೆಳೆ ಇಲ್ಲವೆಂದು ಬರೆದಿದ್ದಾರೆ. ನಮ್ಮ ಕಡೆ ಮೊದಲ ಬೆಳೆಗೇ ನೀರು ಬಂದರೆ ಪುಣ್ಯ. ಮನಸ್ಸಿಗೆ ನೋವಾಗಲೆಂದು ಹೇಳುತ್ತಿಲ್ಲ, ಆದರೆ ಈ ಚರ್ಚೆಯಲ್ಲಿ ಹೂಳಿನ 27 ಟಿಎಂಸಿಯ ಲೆಕ್ಕ ಮಾತ್ರ ನಡೆಯುತ್ತಿದೆ. ದಾರಿಯಲ್ಲಿ ಕಾಣೆಯಾಗುವ ನೀರಿನ ಲೆಕ್ಕ ಯಾರೂ ಎತ್ತಲಿಲ್ಲ.

ಎಡದಂಡೆ ಕಾಲುವೆ 227 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ 141 ಮೈಲು. ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕೆಂದು ಅದನ್ನು ರೂಪಿಸಿದರು. ಬರ ತಡೆಯುವುದು ಉದ್ದೇಶವಾದ್ದರಿಂದ ಹೆಚ್ಚು ಜನರಿಗೆ ತೆಳುವಾಗಿ ಹಂಚುವುದು ಮೂಲ ಲೆಕ್ಕ: ಹೆಚ್ಚಿನ ಭೂಮಿಗೆ ಜೋಳ, ಶೇಂಗಾ, ಹತ್ತಿಯಂತಹ ಅರೆ ನೀರಾವರಿ ಬೆಳೆ, ಭತ್ತಕ್ಕೆ ಗೊತ್ತುಪಡಿಸಿದ ಜಾಗ ಕಡಿಮೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ದಾಖಲೆಯಲ್ಲಿಯೇ ಬರೆದಿಟ್ಟಿದ್ದಾರೆ. ಆದರೆ ನಮ್ಮ ಹಿರಿಯರು ಇನ್ನೂ ಮಳೆಯ ಜೋಳವನ್ನೇ ನೆಚ್ಚಿ, ಕರಿಮಣ್ಣಿಗೆ ನೀರು ಹಾಯಿಸಲು ಅಂಜುತ್ತಿದ್ದಾಗ ಕರಾವಳಿ ಆಂಧ್ರದಿಂದ ಬಂದವರು ಭೂಮಿ ಕೊಂಡು, ಮಟ್ಟ ಮಾಡಿ, ಭತ್ತ ಹಾಕಿದರು. ಸಿಂಧನೂರು, ಗಂಗಾವತಿಯ ದಾರಿಯುದ್ದಕ್ಕೂ ಕಾಣುವ "ಕ್ಯಾಂಪ್"ಗಳು ಹುಟ್ಟಿದ್ದು ಹಾಗೆ. ಅವರು ದುಡಿದರು, ಬೆಳೆದರು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಅವರನ್ನು ನೋಡಿ ನಮ್ಮವರೂ ಅದನ್ನೇ ಮಾಡಿದರು. ಗಂಗಾವತಿ ಭತ್ತದ ಕಣಜವಾಯಿತು. ಕಣಜ ತುಂಬಿದ ನೀರು ಎಲ್ಲಿಂದ ಬಂತೆಂದು ಕೇಳಿದರೆ, ನಮ್ಮ ಪಾಲಿನಿಂದ ಬಂತು.

ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದು ಕಾಲುವೆಗೆ ನೀರು ಬಿಟ್ಟ ಮೇಲೆ ನಮ್ಮದು ಒಂದೇ ಹಾಡು: ಮೈಲು 69ರಲ್ಲಿ ಗೇಜ್ (ನಿಗದಿಯಾದ ನೀರಿನ ಮಟ್ಟ) ಕಾಯ್ದುಕೊಳ್ಳಿ, ಮೈಲು 104ರಲ್ಲಿ ಗೇಜ್ ಕಾಯ್ದುಕೊಳ್ಳಿ. ಮೇಲೆ ಅಕ್ರಮ ಪಂಪ್‌ಸೆಟ್ಟುಗಳ ಪೈಪು ಕಾಲುವೆಯಲ್ಲಿ ಇಳಿದಿರುತ್ತದೆ, ರಾತ್ರಿ ತೂಬಿನ ಬಾಗಿಲು ತಾನಾಗಿ ಏರಿರುತ್ತದೆ, ಬೆಳಗಿನ ಜಾವ ನಾವು ಬೈಕಿನಲ್ಲಿ ಹೋಗಿ ನೋಡಿದರೆ ಗೇಜ್ ಕಲ್ಲಿನ ಮೇಲೆ ನಿನ್ನೆಯ ಒದ್ದೆ ಗುರುತಷ್ಟೇ ಇರುತ್ತದೆ. ಈ ಕಾಲುವೆಯ ನೀರು ಗಣೇಕಲ್ ಜಲಾಶಯ ಮುಟ್ಟಿದರೆ ತಾನೆ ರಾಯಚೂರು ಪಟ್ಟಣಕ್ಕೆ ಕುಡಿಯುವ ನೀರು.

ನವಲಿ ಕಟ್ಟಿದ ಮೇಲೂ ಮೇಲಿನವರು ಮೂರನೇ ಬೆಳೆ ಹಾಕಿದರೆ, ನಮಗೆ ಬರುವುದು ಅದೇ ಒದ್ದೆ ಗುರುತು.

---

ಕಾರಟಗಿ ಕಾಲುವೆ

ಕೊನೇ ತೂಬಿನ ಅಣ್ಣಾವರೇ, ಬಯ್ಗುಳಕ್ಕೆ ನಾನು ಅರ್ಹನೇ. ನಮ್ಮ ಒಂಬತ್ತು ಎಕರೆಯಲ್ಲಿ ಆರು ಎಕರೆ ದಾಖಲೆಯಲ್ಲಿ ಅರೆ ನೀರಾವರಿ ಭೂಮಿ. ಆದರೆ ಒಂದು ಮಾತು ಕೇಳಿ. ನಮ್ಮ ತಂದೆ ಒಂದು ವರ್ಷ ಹಟ ಹಿಡಿದು ಮೂರು ಎಕರೆ ಜೋಳ ಬಿತ್ತಿದರು. ಮೂರು ಕಡೆಗೂ ಭತ್ತದ ಗದ್ದೆಗಳು, ಬಸಿಗಾಲುವೆ ಮುಚ್ಚಿ ಹೋಗಿ ಎಷ್ಟೋ ಕಾಲವಾಗಿತ್ತು. ಜೋಳ ಮೊಣಕಾಲೆತ್ತರ ಬಂದಾಗ ಬೇರಿಗೆ ನೀರು ಹತ್ತಿ ಹಳದಿಯಾಗಿ ನಿಂತಿತು. ಸುತ್ತಲೂ ಜೌಳು ಹಿಡಿದ ನೆಲದಲ್ಲಿ ಒಬ್ಬನೇ ಒಣ ಬೆಳೆ ಬೆಳೆಯಲಾರ. ಆಸೆಯಿಂದ ಭತ್ತ ಹಾಕುವವರು ಇದ್ದಾರೆ, ಬೇರೇನೂ ನಿಲ್ಲುವುದಿಲ್ಲವೆಂದು ಹಾಕುವವರೂ ಇದ್ದಾರೆ.

ಅಂಚಿನ ಒಂದು ಎಕರೆಯಲ್ಲಿ ಈಗ ಭತ್ತವೂ ಇಲ್ಲ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗೆ ಉಪ್ಪು ಏಳುತ್ತದೆ. ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತಿದೆ. ನೆಲದೊಳಗೆ ಪೈಪು ಹೂಳಿ ಉಪ್ಪು ನೀರನ್ನು ಬಸಿಯಬೇಕು ಎನ್ನುತ್ತಾರೆ. ಪೈಪಿನ ಬಾಯಿಯನ್ನು ಬಿಡಲು ಸರ್ಕಾರಿ ಬಸಿಗಾಲುವೆ ತೆರೆದಿದ್ದರೆ ತಾನೆ?

---

ಸುರ್ಕಿ ಗಾರೆ

ಈ ಒಂದು ತಪ್ಪನ್ನು ನಮ್ಮ ವೃತ್ತಿಯವರು ಒಪ್ಪಿಕೊಳ್ಳಲೇಬೇಕು. ನೀರು ತರುವ ಕಾಲುವೆಗೆ ಕೊಟ್ಟ ಗಮನವನ್ನು ನೀರು ಒಯ್ಯುವ ಕಾಲುವೆಗೆ ಕೊಡಲಿಲ್ಲ. ಕರಿಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಏರಿದ ಅಂತರ್ಜಲ ಇಳಿಯುವುದು ಇನ್ನೂ ನಿಧಾನ. ಅದು ಬೇರಿನ ಮಟ್ಟಕ್ಕೆ ಬಂದರೆ ಬಿಸಿಲು ನೀರನ್ನು ಎಳೆದುಕೊಂಡು ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಅಣೆಕಟ್ಟೆಯ ಪರಿಸರ ವೆಚ್ಚ ಎಂದರೆ ಮುಳುಗಿದ ಕಾಡು ಎಂದಷ್ಟೇ ತಿಳಿಯುವವರು ಕಾಲುವೆಯ ಕೆಳಗಿನ ಈ ಬಿಳಿ ಹೊಲಗಳನ್ನೂ ನೋಡಬೇಕು.

---

ನೀರುನಾಯಿ (ಕಂಪ್ಲಿ)

ನಾನು ರೈತನಲ್ಲ, ಬಿಡುವಿನ ದಿನಗಳಲ್ಲಿ ಬೈನಾಕ್ಯುಲರ್ ಹಿಡಿದು ಹೊಳೆ ದಂಡೆಯಲ್ಲಿ ಅಲೆಯುವವನು. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಬಂಡೆಗಳ ನಡುವಿನ ಮಡುಗಳಲ್ಲಿ ನೀರು ನಿಂತಿದ್ದರೆ ಮೀನು, ಮೀನಿದ್ದರೆ ನೀರುನಾಯಿ. ಗೇಟು ಎತ್ತಿ ಹೊಳೆಗೆ ಬಿಡುವ ನೀರು ವ್ಯರ್ಥ ಎಂಬ ಧಾಟಿಯಲ್ಲಿ ಇಲ್ಲಿ ಮಾತು ನಡೆಯುತ್ತಿದೆ. ಹೊಳೆಗೆ ಹರಿದ ನೀರು ವ್ಯರ್ಥವಾಗುವುದು ಹೇಗೆ? ಮೇಲಿನಿಂದ ನೀರು ಬಿಡದ ಬೇಸಿಗೆಯಲ್ಲಿ ಮಡುಗಳು ಒಂದರಿಂದ ಒಂದು ಕಡಿದುಹೋಗಿ ಹಸಿರು ಪಾಚಿ ಕಟ್ಟುತ್ತವೆ. ಮಳೆಗಾಲದಲ್ಲಿ ಗೇಟು ಎತ್ತಿದಾಗ ಒಂದೇ ರಾತ್ರಿಯಲ್ಲಿ ಮರಳ ದಿಣ್ಣೆಗಳು ಮುಳುಗಿ, ಅಲ್ಲಿ ಮರಿ ಹಾಕಿದ, ಮೊಟ್ಟೆಯಿಟ್ಟ ಜೀವಿಗಳೆಲ್ಲ ಹೋಗುತ್ತವೆ. ನದಿಗೆ ಏರಿಳಿತ ಹೊಸದಲ್ಲ, ಆದರೆ ಹಿಂದೆ ಅದು ಮೆಲ್ಲಗೆ ಏರುತ್ತಿತ್ತು. ಮೀನು ಮೊಟ್ಟೆಯಿಡಲು ಮೇಲಕ್ಕೆ ಹೋಗುವ ದಾರಿಗೆ 49 ಮೀಟರ್ ಎತ್ತರದ ಗೋಡೆ ಅಡ್ಡವಿದೆ. ಇತ್ತ ಜಲಾಶಯದಲ್ಲಿ ಕುಳಿತ ಮಣ್ಣು ಅತ್ತ ಕೃಷ್ಣೆಯ ಮುಖಜ ಭೂಮಿಗೆ ತಲುಪುವುದಿಲ್ಲವಾದ್ದರಿಂದ ಅಲ್ಲಿ ಸಮುದ್ರ ದಡವನ್ನು ಕೊರೆಯುತ್ತಿದೆ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಹಿನ್ನೀರಿನ ಕೆಸರಿಗೆ ಚಳಿಗಾಲದಲ್ಲಿ ರಾಜಹಂಸಗಳು ಇಳಿಯುತ್ತವೆ. ಸಮೀಪದ ಅಂಕಸಮುದ್ರದ ಕೆರೆ ಇಂದು ಪಕ್ಷಿಧಾಮ. ಅವು ಬಂದದ್ದು ಅಣೆಕಟ್ಟೆಯ ನೀರು ಬಂದ ಮೇಲೆ ಎಂಬುದು ನನ್ನಂಥವನಿಗೆ ಸ್ವಲ್ಪ ಇರುಸುಮುರುಸಿನ ಸತ್ಯ.

---

ಕರೂರು ಸೀಮೆ (ಸಾಗರ ತಾಲ್ಲೂಕು)

ಶರಾವತಿ ಕಡೆಯಿಂದ ಒಂದು ಮಾತು. ಲಿಂಗನಮಕ್ಕಿ 1964ರಲ್ಲಿ ಮುಗಿಯಿತು; ಶರಾವತಿಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ತುಂಗಭದ್ರೆಯ ಎರಡೂ ದಂಡೆ ಸೇರಿ 100 ಮೆಗಾವಾಟ್ ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ನಾಡಿನ ದೀಪ ಹೊತ್ತಿಸಿದ ಹೆಮ್ಮೆ ನಮಗೂ ಇದೆ. ಆದರೆ ನೀರು ನಮ್ಮ ಸೀಮೆಯನ್ನು ನಡುಗಡ್ಡೆ ಮಾಡಿದ ಮೇಲೆ, ಹೆರಿಗೆಗೂ ಹೆಣಕ್ಕೂ ಲಾಂಚಿಗೇ ಕಾದು, 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೆ ಅರವತ್ತು ವರ್ಷ ಕಳೆದೆವು. ಮುಳುಗಡೆಯವರಿಗೆ ಕೊಟ್ಟ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ನವಲಿಯವರಿಗೆ ಹೇಳುವುದಿಷ್ಟೇ: ನೀರು ನಿಲ್ಲುವ ದಿನಕ್ಕೆ ಮುಂಚೆ ಕೈಗೆ ಬಂದ ಕಾಗದ ಮಾತ್ರ ಕಾಗದ. ಆಮೇಲೆ ಬರುವುದು ಭರವಸೆ.

---

ಸುರ್ಕಿ ಗಾರೆ

ಎಲ್ಲವನ್ನೂ ಓದಿ ನನ್ನ ಮೊದಲಿನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಮೊದಲಿಗೆ, 0.43 ಎಂಬ ಸರಾಸರಿಯನ್ನು ಕಲ್ಲಿನ ಮೇಲೆ ಕೆತ್ತಬೇಡಿ. 2008ರ ಸಮೀಕ್ಷೆಯಲ್ಲಿ ಜಲಾಶಯದ ಸಾಮರ್ಥ್ಯ 100.855 ಟಿಎಂಸಿ ಎಂದಿತ್ತು, 2016ರಲ್ಲಿ ಅಳೆದಾಗ 105.788 ಆಯಿತು. ಎಂಟು ವರ್ಷಗಳಲ್ಲಿ ಐದು ಟಿಎಂಸಿ ಹೂಳು ತಾನಾಗಿ ಕರಗುವುದಿಲ್ಲ. ಅಳೆಯುವ ರೀತಿ ಬದಲಾಗಿದೆ, ಅಷ್ಟೇ. ಆದರೂ ಟಿಪ್ಪರಿನ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಎರಡನೆಯದಾಗಿ, ಆವಿ. ಕೃಷ್ಣಾ ನ್ಯಾಯಮಂಡಳಿ ತುಂಗಭದ್ರಾ ಜಲಾಶಯಕ್ಕೆ ಲೆಕ್ಕ ಹಿಡಿದ 230 ಟಿಎಂಸಿಯಲ್ಲಿ 18 ಟಿಎಂಸಿ ಬರೀ ಆವಿಯ ಪಾಲು. 378 ಚದರ ಕಿಲೋಮೀಟರ್ ಹರಡಿದ ಆಳವಿಲ್ಲದ ನೀರಿನ ಮೇಲೆ ಬಳ್ಳಾರಿಯ ಬಿಸಿಲು ಬಿದ್ದರೆ ಹಾಗೆಯೇ ಆಗುತ್ತದೆ. ಬಯಲಿನಲ್ಲಿ ಇನ್ನೊಂದು ಅಗಲವಾದ ಜಲಾಶಯ ಎಂದರೆ ಬಿಸಿಲಿಗೆ ಇನ್ನೊಂದು ತಟ್ಟೆ ಇಟ್ಟಂತೆ. ಜೊತೆಗೆ ನವಲಿಗೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು.

ನವಲಿ ಬೇಡ ಎನ್ನುವಷ್ಟು ದೂರ ನಾನು ಬರಲಾರೆ. ಆದರೆ ಸರದಿ ಬದಲಾಗಬೇಕು ಎಂದು ಈಗ ಅನಿಸುತ್ತಿದೆ. ಮೊದಲು 33 ಗೇಟು ಮತ್ತು ಸ್ಟಾಪ್‌ಲಾಗ್. ಆಮೇಲೆ ಕಾಲುವೆಯ ಪ್ರತಿ ವಿತರಣಾ ನಾಲೆಯ ಬಾಯಲ್ಲಿ ಎಲ್ಲರಿಗೂ ಕಾಣುವ ಅಳತೆ ಮತ್ತು ಬಸಿಗಾಲುವೆ. ಅಷ್ಟಾದ ಮೇಲೂ ಸಾಲದಿದ್ದರೆ ನವಲಿ. ಇಷ್ಟು ವರ್ಷ ನಾವು ಈ ಸರದಿಯನ್ನು ತಲೆಕೆಳಗಾಗಿ ಹಿಡಿದಿದ್ದೆವು.

---

ಕನಕಗಿರಿ ಕಡೆಯವ

ಸಾಹೇಬರ ಸರದಿ ಒಪ್ಪಿಗೆ. ಅಷ್ಟರವರೆಗೆ ನಾನು ಬೋರು ಕೊರೆಸಬಹುದೇ, ಅದನ್ನು ಹೇಳುವವರು ಯಾರು?

---

ಹಿನ್ನೀರ ಮೊಮ್ಮಗಳು

ಕೊರೆಸಿ ಅಣ್ಣಾ, ಬಿಲ್ಲುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಿ. ನಮ್ಮ ಮುತ್ತಜ್ಜನ ಬಳಿ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

---

ಕಾರಟಗಿ ಕಾಲುವೆ

ಕೊನೇ ತೂಬಿನ ಅಣ್ಣಾವರಿಗೆ ಒಂದು ಪ್ರಸ್ತಾಪ. ಈ ಬೇಸಿಗೆ ಗದ್ದೆಗಳೆಲ್ಲ ಹೇಗೂ ಒಣಗಿ ನಿಂತಿವೆ. ನಮ್ಮ ನಾಲೆಯ ಹನ್ನೊಂದು ಮಂದಿ ಸೇರಿ ಮುಚ್ಚಿದ ಬಸಿಗಾಲುವೆಯನ್ನು ಜೆಸಿಬಿಯಿಂದ ತೆಗೆಸೋಣವೆಂದು ಮಾತಾಡಿದ್ದೇವೆ; ಏಳು ಮಂದಿ ಒಪ್ಪಿದ್ದಾರೆ, ನಾಲ್ವರು ಸರ್ಕಾರದ ಕೆಲಸ ನಾವೇಕೆ ಮಾಡಬೇಕೆಂದು ಕೇಳುತ್ತಿದ್ದಾರೆ. ಅದು ಆದರೆ ಮುಂಗಾರಿಗೆ ಆ ಮೂರು ಎಕರೆಯಲ್ಲಿ ಮತ್ತೆ ಜೋಳ ಹಾಕಿ ನೋಡುತ್ತೇನೆ. ನಿಮ್ಮ ಕಡೆ ನೀರು ಬಂದ ದಿನ, ಬಾರದ ದಿನಗಳ ದಾಖಲೆ ಏನಾದರೂ ಇದೆಯೇ? ಆ ನಾಲ್ವರಿಗೆ ತೋರಿಸಬೇಕು.

---

ಕೊನೇ ತೂಬು

ಇದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ಮನೆಯವಳು ಹಾಲಿನ ಲೆಕ್ಕದ ಪಕ್ಕದಲ್ಲಿಯೇ ನೀರಿನ ಲೆಕ್ಕವನ್ನೂ ಬರೆಯುತ್ತಾಳೆ. ನೀರು ಬಂದ ದಿನಕ್ಕೆ ಸೊನ್ನೆ, ಬಾರದ ದಿನಕ್ಕೆ ಅಡ್ಡಗೀಟು. ಮೂರು ವರ್ಷದ ಕ್ಯಾಲೆಂಡರುಗಳನ್ನು ಎಸೆಯದೆ ಇಟ್ಟಿದ್ದಾಳೆ. ನಾಳೆ ಬೆಳಕಿದ್ದಾಗ ಫೋಟೊ ತೆಗೆದು ಇಲ್ಲಿಯೇ ಹಾಕುತ್ತೇನೆ. ಅಡ್ಡಗೀಟುಗಳೇ ಹೆಚ್ಚು, ಹಾಲಿನ ಲೆಕ್ಕದೊಂದಿಗೆ ಕಲಸಿಕೊಳ್ಳಬೇಡಿ.